ಬಾಸ್ ಕಾಟಕ್ಕೆ ‘ಪಾಸಿಟಿವ್ ಆಗಿರಿ’ ಅನ್ನೋದೇ ಮದ್ದಾ? ಫಾರ್ವರ್ಡ್‌ಗಳಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು

ಭಾನುವಾರ ರಾತ್ರಿಯಾಗುತ್ತಿದ್ದಂತೆ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಬಗೆಯ ಮೆಸೇಜ್ ಓಡಾಡಲು ಶುರುವಾಗುತ್ತದೆ. ಸೂರ್ಯೋದಯದ ಚಿತ್ರ, ಅದರ ಮೇಲೆ ನಾಲ್ಕು ಸಾಲು: ಬಾಸ್ ಬೈದರೆ ನಗುನಗುತ್ತಾ ಸ್ವೀಕರಿಸಿ, ನಿಮ್ಮ ಒಳ್ಳೆಯತನ ಅವರನ್ನು ಬದಲಾಯಿಸುತ್ತದೆ. ಇನ್ನೊಂದು ಗ್ರೂಪಿನಲ್ಲಿ ಇದಕ್ಕೆ ತದ್ವಿರುದ್ಧ: ಕೆಟ್ಟ ಬಾಸ್ ಕೈಕೆಳಗಿದ್ದರೆ ಹಾರ್ಟ್ ಅಟ್ಯಾಕ್ ಗ್ಯಾರಂಟಿ, ಇವತ್ತೇ ರಾಜೀನಾಮೆ ಬಿಸಾಕಿ. ಮೂರನೆಯದು, ಸಿಟ್ಟು ಬಂದರೆ ದಿಂಬಿಗೆ ಗುದ್ದಿ, ಮನಸ್ಸು ಹಗುರಾಗುತ್ತದೆ ಎನ್ನುತ್ತದೆ.

ಇವೆಲ್ಲ ಬರೀ ಸುಳ್ಳಲ್ಲ. ಕೆಲವುಗಳ ಹಿಂದೆ ನಿಜವಾದ ಸಂಶೋಧನೆಯೇ ಇದೆ. ಆದರೆ ಫಾರ್ವರ್ಡ್ ಆಗುತ್ತಾ ಆಗುತ್ತಾ ಅರ್ಧ ಮಾತ್ರ ಉಳಿದುಕೊಂಡಿದೆ. ತಿಂಗಳ ಸಂಬಳದ ಮೇಲೆ ಮನೆ ಸಾಲದ ಕಂತು, ಮಕ್ಕಳ ಫೀಸು, ಊರಲ್ಲಿರುವ ಅಪ್ಪ-ಅಮ್ಮನ ಔಷಧಿ ಎಲ್ಲ ನಿಂತಿರುವಾಗ, ಅರ್ಧ ಸತ್ಯವನ್ನು ನಂಬಿ ನಿರ್ಧಾರ ತೆಗೆದುಕೊಂಡರೆ ಪೆಟ್ಟು ಬೀಳುವುದು ನಮಗೇ. ಹಾಗಾಗಿ ಒಂದೊಂದನ್ನೇ ಬಿಡಿಸಿ ನೋಡೋಣ.

ಕಟ್ಟುನಿಟ್ಟು ಬೇರೆ, ಕಾಟ ಬೇರೆ

ಡೆಡ್‌ಲೈನ್ ಬಗ್ಗೆ ಪಟ್ಟು ಹಿಡಿಯುವ, ತಪ್ಪನ್ನು ನೇರವಾಗಿ ಹೇಳುವ ಬಾಸ್ ಎಲ್ಲರೂ ‘ನೆಗೆಟಿವ್’ ಅಲ್ಲ. ಅಮೆರಿಕದ ಸಂಶೋಧಕ ಬೆನೆಟ್ ಟೆಪ್ಪರ್ 2000ದಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದಕ್ಕೊಂದು ಗೆರೆ ಎಳೆದರು. ದೈಹಿಕವಾಗಿ ಮುಟ್ಟದೆ, ಮಾತು ಮತ್ತು ವರ್ತನೆಯ ಮೂಲಕ, ಮತ್ತೆ ಮತ್ತೆ, ಬಹುಕಾಲ ತೋರಿಸುವ ಹಗೆತನವೇ ಕಾಟ. ಒಂದು ದಿನದ ರೇಗಾಟ ಇದಕ್ಕೆ ಸೇರುವುದಿಲ್ಲ. ಇದನ್ನು ಅಳೆಯಲು ಅವರು ಮಾಡಿದ 15 ಪ್ರಶ್ನೆಗಳ ಪಟ್ಟಿಯನ್ನು ಸಂಶೋಧಕರು ಇಂದಿಗೂ ಬಳಸುತ್ತಾರೆ. ಎಲ್ಲರೆದುರು ಕೀಳಾಗಿ ಮಾತಾಡುವುದು, ಹಳೇ ತಪ್ಪುಗಳನ್ನು ಕೆದಕುತ್ತಲೇ ಇರುವುದು, ಇನ್ನೊಬ್ಬರ ಮೇಲಿನ ಸಿಟ್ಟನ್ನು ನಿಮ್ಮ ಮೇಲೆ ತೀರಿಸಿಕೊಳ್ಳುವುದು, ಮಾತೇ ಆಡದೆ ದೂರ ಇಡುವುದು ಇವೆಲ್ಲ ಆ ಪಟ್ಟಿಯಲ್ಲಿವೆ.

ನಮ್ಮಲ್ಲಿ ಇದಕ್ಕೆ ಇನ್ನೊಂದು ಸೇರಿಸಬೇಕು: ಏಕವಚನ. ಹಿರಿಯರೊಬ್ಬರು ಪ್ರೀತಿಯಿಂದ ‘ಏನೋ, ಊಟ ಆಯ್ತೇನೋ’ ಎಂದರೆ ಯಾರಿಗೂ ಬೇಸರವಿಲ್ಲ. ಅದೇ ‘ನೀನು’ ಗಾರ್ಮೆಂಟ್ಸ್ ಲೈನಿನಲ್ಲಿ ಟಾರ್ಗೆಟ್ ತಪ್ಪಿದಾಗ, ತನಗಿಂತ ಹತ್ತು ವರ್ಷ ದೊಡ್ಡವಳಾದ ಹೆಣ್ಣುಮಗಳ ಮೇಲೆ ‘ಏನೇ, ಕಣ್ಣು ಕಾಣಲ್ವೇನೇ’ ಎಂದು ಬಿದ್ದರೆ ಅದು ಚಾಟಿ. ಸಂವಹನ ಓದುವಾಗ ನಾನು ಗಮನಿಸಿದ್ದು ಇದನ್ನೇ. ಅವಮಾನವಾಗುವುದು ಶಬ್ದದಿಂದಷ್ಟೇ ಅಲ್ಲ. ಯಾರು, ಯಾರಿಗೆ, ಎಷ್ಟು ಜನರ ಎದುರು ಆಡಿದರು ಎಂಬುದೂ ಅಷ್ಟೇ ಮುಖ್ಯ.

ನಿಮ್ಮ ಬಾಸ್ ಯಾವ ಬಗೆ ಎಂದು ತಿಳಿಯಲು ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಟೀಕೆ ಕೆಲಸದ ಮೇಲೋ, ನಿಮ್ಮ ಮೇಲೋ? ಕೇಳಿದ ಮೇಲೆ ಏನನ್ನು ತಿದ್ದಬೇಕು ಎಂದು ಗೊತ್ತಾಗುತ್ತದೆಯೋ ಇಲ್ಲವೋ? ಎಲ್ಲರಿಗೂ ಒಂದೇ ನಿಯಮವೋ, ನಿಮಗೆ ಮಾತ್ರವೋ? ಇದು ಕ್ವಾರ್ಟರ್ ಕೊನೆಯ ಒತ್ತಡವೋ, ವರ್ಷವಿಡೀ ಇರುವುದೋ? ಉತ್ತರಗಳು ‘ನಿಮ್ಮ ಮೇಲೆ, ಗೊತ್ತಾಗುವುದಿಲ್ಲ, ನಿಮಗೆ ಮಾತ್ರ, ವರ್ಷವಿಡೀ’ ಎಂದು ಬಂದರೆ ಅದು ಕಟ್ಟುನಿಟ್ಟಲ್ಲ.

ಮಾತು 1: ಬೈದರೇನೇ ಕೆಲಸ ಆಗೋದು

ಇದನ್ನು ಬಾಸ್‌ಗಳಷ್ಟೇ ಅಲ್ಲ, ಬೈಸಿಕೊಂಡವರೂ ನಂಬುತ್ತಾರೆ. ಯಾಕೆ ನಂಬುತ್ತಾರೆ ಎಂಬುದಕ್ಕೆ ಡೇನಿಯಲ್ ಕಾನೆಮನ್ ಒಂದು ಒಳ್ಳೆಯ ವಿವರಣೆ ಕೊಟ್ಟಿದ್ದಾರೆ. ಇಸ್ರೇಲಿನ ವಾಯುಪಡೆಯ ತರಬೇತುದಾರರೊಬ್ಬರು ಅವರಿಗೆ ಹೇಳಿದ್ದಿಷ್ಟು: ಚೆನ್ನಾಗಿ ಹಾರಿಸಿದವನನ್ನು ಹೊಗಳಿದರೆ ಮುಂದಿನ ಸಲ ಕೆಡಿಸುತ್ತಾನೆ, ಕೆಟ್ಟದಾಗಿ ಹಾರಿಸಿದವನಿಗೆ ಬೈದರೆ ಮುಂದಿನ ಸಲ ಸರಿಹೋಗುತ್ತಾನೆ. ಕಾನೆಮನ್‌ಗೆ ಕಂಡ ಸತ್ಯ ಬೇರೆ. ಯಾರದೇ ಕೆಲಸದಲ್ಲೂ ಏರಿಳಿತ ಇರುತ್ತದೆ. ತೀರಾ ಕೆಟ್ಟ ದಿನದ ನಂತರ ಬರುವ ದಿನ ಸಾಮಾನ್ಯವಾಗಿ ತುಸು ಉತ್ತಮವಾಗಿಯೇ ಇರುತ್ತದೆ, ಬೈದರೂ ಸರಿ, ಬೈಯದಿದ್ದರೂ ಸರಿ. ಬಾಸ್ ಬೈಯುವುದು ತೀರಾ ಕೆಟ್ಟ ದಿನವೇ ಆದ್ದರಿಂದ, ಮಾರನೇ ದಿನದ ಸುಧಾರಣೆಯ ಕ್ರೆಡಿಟ್ಟು ಬೈಗುಳಕ್ಕೆ ಹೋಗುತ್ತದೆ.

ನಿಜವಾಗಿ ಅಳೆದು ನೋಡಿದಾಗ ಸಿಗುವುದು ಇನ್ನೊಂದು ಚಿತ್ರ. 2015ರಲ್ಲಿ ಪ್ರಕಟವಾದ ಇಸ್ರೇಲಿನ ಅಧ್ಯಯನವೊಂದರಲ್ಲಿ ನವಜಾತ ಶಿಶುಗಳ ಐಸಿಯು ಸಿಬ್ಬಂದಿಯ 24 ತಂಡಗಳಿಗೆ ತರಬೇತಿ ಗೊಂಬೆಯನ್ನು ಮಗುವಿನಂತೆ ಇಟ್ಟು ಚಿಕಿತ್ಸೆ ಮಾಡಲು ಹೇಳಲಾಯಿತು. ಕೆಲವು ತಂಡಗಳ ಎದುರು ವಿದೇಶಿ ತಜ್ಞರೊಬ್ಬರು ಅವರ ವೃತ್ತಿಯ ಗುಣಮಟ್ಟದ ಬಗ್ಗೆ ಒರಟಾಗಿ ಮಾತಾಡಿದರು, ಉಳಿದವರಿಗೆ ಸಹಜವಾಗಿ ಮಾತಾಡಿದರು. ಒರಟು ಮಾತು ಕೇಳಿದ ತಂಡಗಳು ರೋಗ ಗುರುತಿಸುವುದರಲ್ಲೂ ಚಿಕಿತ್ಸೆಯ ಕೈಕೆಲಸದಲ್ಲೂ ಹಿಂದೆ ಬಿದ್ದವು. ಒಬ್ಬರಿಗೊಬ್ಬರು ಮಾಹಿತಿ ಹಂಚಿಕೊಳ್ಳುವುದು, ಸಹಾಯ ಕೇಳುವುದು ಕಡಿಮೆಯಾಗಿತ್ತು. ಅಲ್ಲಿದ್ದದ್ದು ಗೊಂಬೆ. ನಿಜವಾದ ವಾರ್ಡಿನಲ್ಲಿ ಮಲಗಿರುವುದು ಮಗು.

ಒಂದು ಸೂಕ್ಷ್ಮವನ್ನೂ ಹೇಳಬೇಕು. 2005ರ ಅಧ್ಯಯನವೊಂದರಲ್ಲಿ ತಂಡದ ನಾಯಕರ ಮನಸ್ಥಿತಿಯನ್ನು ವಿಡಿಯೊ ತೋರಿಸಿ ಬದಲಿಸಿ, ನಂತರ ತಂಡಕ್ಕೆ ಟೆಂಟ್ ಕಟ್ಟಲು ಹೇಳಿದ್ದರು. ನಾಯಕನ ಮೂಡು ಸದಸ್ಯರಿಗೂ ಅಂಟಿತು. ಕೆಟ್ಟ ಮೂಡಿನ ನಾಯಕರಿದ್ದ ತಂಡಗಳು ಹೆಚ್ಚು ಶ್ರಮ ಹಾಕಿದವು. ಆದರೆ ಹೊಂದಾಣಿಕೆ ಚೆನ್ನಾಗಿದ್ದದ್ದು ಒಳ್ಳೆಯ ಮೂಡಿನ ನಾಯಕರ ತಂಡಗಳಲ್ಲಿ. ಬೈದಾಗ ಎಲ್ಲರೂ ಓಡಾಡುವುದು ಬಾಸ್ ಕಣ್ಣಿಗೆ ಬೀಳುತ್ತದೆ, ಒಬ್ಬರಿಗೊಬ್ಬರು ಹೇಳದೆ ಮುಚ್ಚಿಟ್ಟ ತಪ್ಪು ಬೀಳುವುದಿಲ್ಲ.

ತೀರ್ಮಾನ: ಬಹುಪಾಲು ತಪ್ಪು. ಓಡಾಟ ಹೆಚ್ಚಬಹುದು, ಕೆಲಸದ ಗುಣ ಹೆಚ್ಚುತ್ತದೆ ಎನ್ನಲು ಆಗದು.

ಮಾತು 2: ಕೆಟ್ಟ ಬಾಸ್ ಇದ್ದರೆ ಹಾರ್ಟ್ ಅಟ್ಯಾಕ್

ಈ ಫಾರ್ವರ್ಡ್‌ಗೆ ಮೂಲವಾಗಬಲ್ಲ ನಿಜವಾದ ಅಧ್ಯಯನ ಸ್ವೀಡನ್ನಿನಲ್ಲಿದೆ. ಸ್ಟಾಕ್‌ಹೋಮ್ ಭಾಗದ 3122 ಪುರುಷ ಉದ್ಯೋಗಿಗಳನ್ನು ಸರಾಸರಿ ಸುಮಾರು 10 ವರ್ಷ ಗಮನಿಸಲಾಯಿತು. ತಮ್ಮ ಮ್ಯಾನೇಜರ್‌ಗೆ ಒಳ್ಳೆಯ ಅಂಕ ಕೊಟ್ಟವರಲ್ಲಿ ಹೃದ್ರೋಗ ಕಡಿಮೆ, ಕೆಟ್ಟ ಅಂಕ ಕೊಟ್ಟವರಲ್ಲಿ ಹೆಚ್ಚು ಎಂದು 2009ರಲ್ಲಿ ವರದಿಯಾಯಿತು. ಒಂದೇ ಜಾಗದಲ್ಲಿ ಹೆಚ್ಚು ವರ್ಷ ಇದ್ದವರಲ್ಲಿ ಈ ನಂಟು ಇನ್ನೂ ಗಟ್ಟಿಯಾಗಿತ್ತು.

ಈಗ ಬಿಟ್ಟುಹೋದ ಅರ್ಧ. ಅಷ್ಟು ವರ್ಷಗಳಲ್ಲಿ ಹೃದ್ರೋಗ ಕಾಣಿಸಿಕೊಂಡದ್ದು 74 ಮಂದಿಗೆ, ಅಂದರೆ ನೂರಕ್ಕೆ ಇಬ್ಬರು ಮೂವರಿಗೆ. ಅಧ್ಯಯನದಲ್ಲಿ ಮಹಿಳೆಯರಿಲ್ಲ. ಇಂಥ ಅಧ್ಯಯನ ನಂಟನ್ನು ತೋರಿಸುತ್ತದೆಯೇ ಹೊರತು, ಬಾಸೇ ಕಾರಣ ಎಂದು ಸಾಬೀತು ಮಾಡುವುದಿಲ್ಲ. ‘ಗ್ಯಾರಂಟಿ’ ಎಂಬ ಮಾತಿಗೆ ಇಲ್ಲಿ ಜಾಗವೇ ಇಲ್ಲ.

ಆದರೂ ಇದನ್ನು ತಳ್ಳಿಹಾಕುವಂತಿಲ್ಲ. ಬ್ರಿಟನ್ನಿನಲ್ಲಿ 1985ರಿಂದ 10,308 ಸರ್ಕಾರಿ ನೌಕರರನ್ನು ಗಮನಿಸುತ್ತಾ ಬಂದ ಪ್ರಸಿದ್ಧ ವೈಟ್‌ಹಾಲ್ ಅಧ್ಯಯನ, ತಮ್ಮ ಕೆಲಸದ ಮೇಲೆ ತಮಗೇ ಹಿಡಿತ ಇಲ್ಲದವರಲ್ಲಿ ಹೃದ್ರೋಗ ಹೆಚ್ಚು ಎಂದು ತೋರಿಸಿದೆ. ಯಾವ ಕೆಲಸ ಮೊದಲು, ಹೇಗೆ, ಯಾವಾಗ ಎಂದು ತೀರ್ಮಾನಿಸುವ ಸ್ವಲ್ಪ ಸ್ವಾತಂತ್ರ್ಯವೇ ಈ ಹಿಡಿತ. ಕಾಟ ಕೊಡುವ ಬಾಸ್ ಮೊದಲು ಕಿತ್ತುಕೊಳ್ಳುವುದು ಇದನ್ನೇ.

ತೀರ್ಮಾನ: ಅರ್ಧ ನಿಜ. ಅಪಾಯ ಸ್ವಲ್ಪ ಹೆಚ್ಚುವುದರ ಸೂಚನೆ ಇದೆ. ಎದೆನೋವು ಬಂದರೆ ‘ಬಾಸ್ ಟೆನ್ಷನ್’ ಎಂದು ಸುಮ್ಮನಾಗದೆ ಆಸ್ಪತ್ರೆಗೆ ಹೋಗಿ.

ಮಾತು 3: ಸಿಟ್ಟನ್ನು ಹೊರಹಾಕಿ, ಹಗುರಾಗಿ

ಕುಕ್ಕರಿನ ಸೀಟಿಯಂತೆ ಸಿಟ್ಟನ್ನೂ ಆಗಾಗ ಹೊರಬಿಡಬೇಕು ಎಂಬ ನಂಬಿಕೆ ಬಹಳ ಹಳೆಯದು. ಮನೋವಿಜ್ಞಾನಿ ಬ್ರ್ಯಾಡ್ ಬುಷ್‌ಮನ್ 2002ರಲ್ಲಿ ಇದನ್ನು 600 ವಿದ್ಯಾರ್ಥಿಗಳ ಮೇಲೆ ಪರೀಕ್ಷಿಸಿದರು. ಸಿಟ್ಟು ಬರಿಸಿದವರನ್ನು ನೆನೆಯುತ್ತಾ ಪಂಚಿಂಗ್ ಬ್ಯಾಗಿಗೆ ಗುದ್ದಿದವರ ಸಿಟ್ಟು ಇಳಿಯಲಿಲ್ಲ. ಎಲ್ಲರಿಗಿಂತ ಹೆಚ್ಚು ಸಿಟ್ಟಾಗಿದ್ದವರು ಅವರೇ. ಏನೂ ಮಾಡದೆ ಸುಮ್ಮನೆ ಕುಳಿತವರೇ ವಾಸಿಯಾಗಿದ್ದರು. 2024ರಲ್ಲಿ 154 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ಇದೇ ಕಂಡಿತು: ನಿಧಾನ ಉಸಿರಾಟ, ಧ್ಯಾನ, ಮೈ ಸಡಿಲಿಸುವುದು ಸಿಟ್ಟನ್ನು ಇಳಿಸುತ್ತವೆ, ಮೈಯನ್ನು ಇನ್ನಷ್ಟು ಕಾವೇರಿಸುವ ಚಟುವಟಿಕೆಗಳು ಒಟ್ಟಾರೆಯಾಗಿ ಇಳಿಸುವುದಿಲ್ಲ. ವ್ಯಾಯಾಮ ಆರೋಗ್ಯಕ್ಕೆ ಒಳ್ಳೆಯದೇ, ಸಿಟ್ಟಿನ ಮದ್ದಾಗಿ ಅಷ್ಟು ನಂಬಿಕೆಗೆ ಯೋಗ್ಯವಲ್ಲ.

ಇನ್ನೊಂದು ತಮಾಷೆಯ ಅಧ್ಯಯನ ಆಗಾಗ ಹರಿದಾಡುತ್ತದೆ. ಬಾಸ್ ಹೆಸರಿನ ಮಾಟದ ಗೊಂಬೆಗೆ ಕಂಪ್ಯೂಟರಿನಲ್ಲಿ ಸೂಜಿ ಚುಚ್ಚಿದವರಿಗೆ, ಚುಚ್ಚದವರಿಗಿಂತ ‘ನ್ಯಾಯ ಸಿಕ್ಕಿತು’ ಎಂಬ ಭಾವನೆ ಹೆಚ್ಚಾಗಿತ್ತು. ಸಂಶೋಧನೆ ನಿಜವಾದದ್ದೇ, 2018ರ ಇಗ್ ನೊಬೆಲ್ ಬಹುಮಾನವೂ ಅದಕ್ಕೆ ಸಿಕ್ಕಿತು. ಆದರೆ ಅದು ಅಳೆದದ್ದು ಆ ಕ್ಷಣದ ಭಾವನೆಯನ್ನು. ಮಾರನೇ ದಿನ ಕ್ಯಾಬಿನ್‌ನಲ್ಲಿ ಕೂತಿರುವವರು ಅದೇ ಬಾಸ್.

ನಮ್ಮ ಕಾಲದ ಪಂಚಿಂಗ್ ಬ್ಯಾಗ್ ಎಂದರೆ ಬಾಸ್ ಇಲ್ಲದ ವಾಟ್ಸಾಪ್ ಗ್ರೂಪ್. ಒಮ್ಮೆ ಹೇಳಿಕೊಂಡರೆ ‘ನಾನೊಬ್ಬಳೇ ಅಲ್ಲ’ ಎಂಬ ಸಮಾಧಾನ ಸಿಗುತ್ತದೆ. ದಿನಾ ರಾತ್ರಿ ಅದನ್ನೇ ಕೆದಕುತ್ತಿದ್ದರೆ ಬಾಸ್ ಮನೆಗೂ ಬಂದು ಕೂತಂತೆ. ಜೊತೆಗೆ ಸ್ಕ್ರೀನ್‌ಶಾಟ್ ಯಾವಾಗ ಎಲ್ಲಿಗೆ ಹೋಗುತ್ತದೆ ಎಂದು ಹೇಳಲಾಗದು.

ತೀರ್ಮಾನ: ತಪ್ಪು. ಮೊದಲು ಮೈಯನ್ನು ತಣ್ಣಗಾಗಿಸಿ, ಆಮೇಲೆ ಮಾತು.

ಮಾತು 4: ನೀವು ಪಾಸಿಟಿವ್ ಆಗಿದ್ದರೆ ಬಾಸ್ ಬದಲಾಗುತ್ತಾರೆ

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವುದು ಈ ಸವಿಮಾತು. ಬಾಸ್ ಬದಲಾಗದಿದ್ದರೆ ‘ನನ್ನ ಒಳ್ಳೆಯತನ ಸಾಲಲಿಲ್ಲ’ ಎಂದು ಬೈಸಿಕೊಂಡವರೇ ತಪ್ಪು ಹೊರುವಂತೆ ಮಾಡುತ್ತದೆ. ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಿಲ್ಲ. ಟೆಪ್ಪರ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾಟಕ್ಕೆ ಪ್ರತಿಯಾಗಿ ಬಾಸನ್ನು ಕಡೆಗಣಿಸುವಂಥ ಸಣ್ಣ ಪ್ರತಿರೋಧ ತೋರಿದವರ ಮಾನಸಿಕ ಬಳಲಿಕೆ, ಎಲ್ಲವನ್ನೂ ನುಂಗಿಕೊಂಡವರಿಗಿಂತ ಕಡಿಮೆ ಇತ್ತು. ತಾವು ಬರೀ ಬಲಿಪಶುಗಳಲ್ಲ ಎಂಬ ಭಾವನೆ ಅವರಿಗೆ ನೆರವಾಗಿತ್ತು. ನಾಳೆಯಿಂದ ಬಾಸ್‌ಗೆ ಮುಖ ತಿರುಗಿಸಿ ಎಂದು ಇದರ ಅರ್ಥವಲ್ಲ. ಸುಮ್ಮನೆ ಸಹಿಸುವುದರಲ್ಲಿ ಆರೋಗ್ಯದ ಗುಟ್ಟೇನೂ ಇಲ್ಲ ಎಂದಷ್ಟೇ ಅರ್ಥ.

ಅವರೇಕೆ ಹಾಗೆ?

ಇದಕ್ಕೆ ಒಂದೇ ಉತ್ತರವಿಲ್ಲ. ಕೆಲವೊಮ್ಮೆ ಕಾಟ ಮೇಲಿನಿಂದ ಇಳಿದು ಬರುತ್ತದೆ. ಮೇಲಿನ ಮ್ಯಾನೇಜರ್ ಸೂಪರ್‌ವೈಸರನ್ನು ಹಿಂಡಿದರೆ ಸೂಪರ್‌ವೈಸರ್ ಲೈನನ್ನು ಹಿಂಡುತ್ತಾರೆ. ಅಲ್ಲಿಗೂ ನಿಲ್ಲುವುದಿಲ್ಲ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎನ್ನುವಂತೆ, ಆಫೀಸಿನಲ್ಲಿ ಬೈಸಿಕೊಂಡವರ ಸಿಟ್ಟು ಮನೆಯವರ ಮೇಲೆ ತಿರುಗುತ್ತದೆ ಎಂದು 2006ರ ಅಧ್ಯಯನವೊಂದು ಮನೆಯವರನ್ನೇ ಕೇಳಿ ದಾಖಲಿಸಿದೆ.

ಇನ್ನೊಂದು ಕಾರಣ ನಮ್ಮಲ್ಲೇ ಇದೆ. ಹಾರ್ವರ್ಡ್‌ನ ತೆರೇಸಾ ಅಮಬಿಲೆ 1983ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪುಸ್ತಕವನ್ನು ಹೀಗಳೆದ ವಿಮರ್ಶಕರನ್ನು ಓದುಗರು ಹೊಗಳಿದವರಿಗಿಂತ ಬುದ್ಧಿವಂತರೆಂದು ಎಣಿಸಿದರು, ಇಷ್ಟಪಡದಿದ್ದರೂ ಸಹ. ಮೀಟಿಂಗಿನಲ್ಲಿ ಎಲ್ಲದಕ್ಕೂ ‘ಆಗಲ್ಲ, ಸರಿಯಿಲ್ಲ’ ಎನ್ನುವವರು ಜಾಣರಂತೆ ಕಾಣುತ್ತಾರೆ. ಅಂಥವರಿಗೆ ಬಡ್ತಿ ಸಿಕ್ಕರೆ ಆಶ್ಚರ್ಯವೇನು? ಇವು ಕಾರಣಗಳೇ ಹೊರತು ನೆಪಗಳಲ್ಲ. ತಿಳಿದುಕೊಂಡರೆ ‘ತಪ್ಪು ನನ್ನದೇ ಇರಬೇಕು’ ಎಂಬ ಭಾರ ಇಳಿಯುತ್ತದೆ, ಅಷ್ಟೇ.

ಹಾಗಾದರೆ ಏನು ಮಾಡಬಹುದು?

ಬಾಸ್ ಸ್ವಭಾವವನ್ನು ಬದಲಿಸುವುದು ನಮ್ಮ ಕೈಯಲ್ಲಿಲ್ಲ. ಕಳೆದುಕೊಂಡ ಹಿಡಿತದಲ್ಲಿ ಒಂದಿಷ್ಟನ್ನು ವಾಪಸ್ ಪಡೆಯುವುದು ಕೈಯಲ್ಲಿದೆ.

ಬಾಯಿಮಾತನ್ನು ಬರಹಕ್ಕೆ ತನ್ನಿ. ಬೆಳಿಗ್ಗೆ ಒಂದು, ಸಂಜೆ ಇನ್ನೊಂದು ಹೇಳುವ ಬಾಸ್‌ಗೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಮಾತು ಮುಗಿದ ತಕ್ಷಣ ಎರಡು ಸಾಲಿನ ಮೇಲ್: ‘ಸರ್, ಈಗ ಮಾತಾಡಿದ ಪ್ರಕಾರ ಗುರುವಾರದೊಳಗೆ ಸ್ಟಾಕ್ ರಿಪೋರ್ಟ್ ಕೊಡುತ್ತೇನೆ, ಬಿಲ್ಲಿಂಗ್ ಕೆಲಸ ಸೋಮವಾರಕ್ಕೆ. ಬದಲಾವಣೆ ಇದ್ದರೆ ತಿಳಿಸಿ.’ ಇದರಲ್ಲಿ ದೂರೂ ಇಲ್ಲ, ದುರಹಂಕಾರವೂ ಇಲ್ಲ. ಆದರೆ ನಾಳೆ ‘ನಾನು ಹಾಗೆ ಹೇಳಲೇ ಇಲ್ಲ’ ಎಂಬ ಮಾತು ಬಂದರೆ ನಿಮ್ಮ ಬಳಿ ದಾಖಲೆ ಇರುತ್ತದೆ.

ಮೊಂಡು ಟೀಕೆಯನ್ನು ಪ್ರಶ್ನೆಯಾಗಿ ತಿರುಗಿಸಿ. ‘ನಿನ್ನ ಕೆಲಸ ಯಾವಾಗಲೂ ಹೀಗೇ’ ಎಂದರೆ ವಾದಕ್ಕೆ ಇಳಿಯಬೇಡಿ, ‘ಸಾರಿ’ ಎಂದು ಕುಗ್ಗಲೂ ಬೇಡಿ. ‘ಮೇಡಂ, ಇದರಲ್ಲಿ ಯಾವ ಭಾಗ ತಿದ್ದಲಿ?’ ಎಂದು ಕೇಳಿ. ಮೂರು ಕೆಲಸ ಒಟ್ಟಿಗೆ ಹೇರಿದರೆ ‘ಆಗಲ್ಲ’ ಎನ್ನುವ ಬದಲು ‘ಸರ್, ಮೂರರಲ್ಲಿ ಯಾವುದು ಇವತ್ತೇ ಬೇಕು?’ ಎನ್ನಿ. ಕೆಲಸದ ಬಗ್ಗೆ ಕಾಳಜಿ ಇರುವ ಬಾಸ್‌ಗೆ ಉತ್ತರ ಇರುತ್ತದೆ. ಉತ್ತರವೇ ಇಲ್ಲದಿದ್ದರೆ ಸಮಸ್ಯೆ ನಿಮ್ಮ ಕೆಲಸದಲ್ಲಿಲ್ಲ ಎಂದು ನಿಮಗೆ ಸ್ಪಷ್ಟವಾಗುತ್ತದೆ.

ಮಿತಿಯನ್ನು ಏಕಾಂತದಲ್ಲಿ, ಒಂದೇ ವಿಷಯಕ್ಕೆ ಹೇಳಿ. ಎಲ್ಲರೆದುರು ಎದುರಾಡಿದರೆ ಬಾಸ್‌ಗೆ ಮಾನದ ಪ್ರಶ್ನೆಯಾಗುತ್ತದೆ. ಸಿಟ್ಟು ಇಳಿದ ಮೇಲೆ, ಬಾಗಿಲು ಹಾಕಿಕೊಂಡು: ‘ಸರ್, ತಪ್ಪಾದರೆ ಖಂಡಿತ ಹೇಳಿ, ತಿದ್ದಿಕೊಳ್ಳುತ್ತೇನೆ. ಕಸ್ಟಮರ್ ಎದುರು ಬೈದರೆ ಆಮೇಲೆ ಅವರು ನನ್ನ ಮಾತು ಕೇಳುವುದಿಲ್ಲ, ಕೆಲಸಕ್ಕೇ ತೊಂದರೆ.’ ನಿಮ್ಮ ನೋವನ್ನು ಕೆಲಸದ ನಷ್ಟದ ಭಾಷೆಯಲ್ಲಿ ಹೇಳಿದಾಗ ಕೇಳಿಸಿಕೊಳ್ಳುವ ಸಾಧ್ಯತೆ ಹೆಚ್ಚು. ಎಲ್ಲ ಬಾಸ್‌ಗಳ ಬಳಿಯೂ ಇದು ನಡೆಯುವುದಿಲ್ಲ. ಸೇಡು ತೀರಿಸಿಕೊಳ್ಳುವ ಸ್ವಭಾವದವರಾದರೆ ನೇರ ಮಾತಿಗಿಂತ ಮುಂದಿನ ದಾರಿಯೇ ಸುರಕ್ಷಿತ.

ಡೈರಿ ಇಡಿ. ದಿನಾಂಕ, ಸಮಯ, ಆಡಿದ ಮಾತು ಯಥಾವತ್ತಾಗಿ, ಯಾರಿದ್ದರು. ‘ತುಂಬಾ ಕಾಟ ಕೊಡ್ತಾರೆ’ ಎಂಬ ದೂರು ನಿಲ್ಲುವುದಿಲ್ಲ, ಮೂರು ತಿಂಗಳ ಹನ್ನೊಂದು ಘಟನೆಗಳ ಪಟ್ಟಿ ನಿಲ್ಲುತ್ತದೆ. ಇದನ್ನು ಆಫೀಸ್ ಲ್ಯಾಪ್‌ಟಾಪ್‌ನಲ್ಲಿ ಇಡಬೇಡಿ. ಕಂಪನಿಯ ಗೋಪ್ಯ ಕಡತ, ಗ್ರಾಹಕರ ಮಾಹಿತಿಯನ್ನು ಸ್ವಂತ ಮೇಲ್‌ಗೆ ಕಳಿಸಿಕೊಂಡರೆ ತಪ್ಪು ನಿಮ್ಮದೇ ಆಗುತ್ತದೆ.

ಒಬ್ಬರೇ ಇರಬೇಡಿ. ಭಾರತದ ಗಾರ್ಮೆಂಟ್ಸ್ ಫ್ಯಾಕ್ಟರಿಗಳಲ್ಲಿ, ನಿರಾಸೆ ತಂದ ಸಂಬಳ ಏರಿಕೆಯ ನಂತರ, ಕೆಲವು ಕಾರ್ಮಿಕರನ್ನು ಲಾಟರಿಯಂತೆ ಆರಿಸಿ, ಹೆಸರು ಹೇಳದೆ ಸೂಪರ್‌ವೈಸರ್ ಮತ್ತು ಕೆಲಸದ ಬಗ್ಗೆ ಅಭಿಪ್ರಾಯ ತಿಳಿಸಲು ಅವಕಾಶ ಕೊಡಲಾಯಿತು. ಹೇಳಿಕೊಳ್ಳಲು ಅವಕಾಶ ಸಿಕ್ಕವರಲ್ಲಿ ಕೆಲಸ ಬಿಡುವುದೂ ಗೈರುಹಾಜರಿಯೂ ಕಡಿಮೆಯಾಯಿತು. ಹೇಳಿದ್ದು ತಲುಪುತ್ತದೆ ಎಂಬ ಭರವಸೆಗೆ ಅಷ್ಟು ಬೆಲೆ ಇದೆ. ಒಬ್ಬರೇ ದೂರು ಕೊಡುವುದಕ್ಕಿಂತ ನಾಲ್ವರು ಒಟ್ಟಾಗಿ ಹೋದರೆ ‘ಇವನದೇ ತಕರಾರು’ ಎಂದು ತಳ್ಳಿಹಾಕುವುದು ಕಷ್ಟ.

ಕಾನೂನು ಎಲ್ಲಿಯವರೆಗೆ ಬರುತ್ತದೆ?

ಬಾಸ್ ಬೈದರೆ ಜೈಲು ಎಂಬ ಫಾರ್ವರ್ಡ್ ಬಂದರೆ ನಂಬಬೇಡಿ. ಕೆಲಸದ ಜಾಗದ ಸಾಮಾನ್ಯ ಕಿರುಕುಳಕ್ಕೆಂದೇ ಪ್ರತ್ಯೇಕ ಕೇಂದ್ರ ಕಾನೂನು ನಮ್ಮಲ್ಲಿಲ್ಲ. ಆದರೆ ಕೆಲವು ಗೆರೆ ದಾಟಿದರೆ ಕಾನೂನಿದೆ.

ಲೈಂಗಿಕ ಸ್ವರೂಪದ ಮಾತು, ಸ್ಪರ್ಶ, ಬೇಡಿಕೆ, ಬೆದರಿಕೆಗೆ 2013ರ ಕಾಯ್ದೆ ಇದೆ. 10 ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು. ದೂರನ್ನು ಸಾಮಾನ್ಯವಾಗಿ 3 ತಿಂಗಳೊಳಗೆ ಲಿಖಿತವಾಗಿ ಕೊಡಬೇಕು, ಸೂಕ್ತ ಕಾರಣವಿದ್ದರೆ ಸಮಿತಿ ಇನ್ನೂ 3 ತಿಂಗಳು ವಿಸ್ತರಿಸಬಹುದು. ಪರಿಶಿಷ್ಟ ಜಾತಿ, ಪಂಗಡದವರನ್ನು ಸಾರ್ವಜನಿಕರ ಎದುರು ಬೇಕೆಂದೇ ಅವಮಾನಿಸಿದರೆ 1989ರ ದೌರ್ಜನ್ಯ ತಡೆ ಕಾಯ್ದೆ ಅನ್ವಯಿಸುತ್ತದೆ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆಯಡಿ, ಸತತ 6 ತಿಂಗಳು ಕೆಲಸ ಮಾಡಿದವರನ್ನು ಸಕಾರಣವಿಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲು ಸಂಬಳ ಕೊಡದೆ ತೆಗೆಯುವಂತಿಲ್ಲ. ದುರ್ನಡತೆ ಸಾಬೀತಾದರೆ ಮಾತ್ರ ವಿನಾಯಿತಿ.

ಎಚ್‌ಆರ್ ಬಗ್ಗೆಯೂ ಒಂದು ಮಾತು. ಎಚ್‌ಆರ್ ಕಂಪನಿಯ ವಿಭಾಗ, ನಿಮ್ಮ ವಕೀಲರಲ್ಲ. ದೂರು ಲಿಖಿತವಾಗಿರಲಿ, ಘಟನೆಗಳಿರಲಿ, ನಿಮಗೇನು ಬೇಕು ಎಂಬುದು ಸ್ಪಷ್ಟವಾಗಿರಲಿ: ಟೀಮ್ ಬದಲಾವಣೆಯೋ, ಬೇರೆಯವರಿಂದ ಅಪ್ರೈಸಲ್ಲೋ.

ಮಾತು 5: ಜನ ಕಂಪನಿ ಬಿಡಲ್ಲ, ಬಾಸನ್ನು ಬಿಡ್ತಾರೆ

ಗ್ಯಾಲಪ್ ಸಂಸ್ಥೆಯ 2015ರ ವರದಿಯಲ್ಲಿ ಅಮೆರಿಕದ ಸುಮಾರು ಅರ್ಧದಷ್ಟು ಮಂದಿ, ವೃತ್ತಿಜೀವನದಲ್ಲಿ ಎಂದಾದರೊಮ್ಮೆ ಮ್ಯಾನೇಜರ್‌ನಿಂದ ತಪ್ಪಿಸಿಕೊಳ್ಳಲು ಕೆಲಸ ಬಿಟ್ಟಿದ್ದಾಗಿ ಹೇಳಿದ್ದರು. ‘ಎಂದಾದರೊಮ್ಮೆ’ ಎಂಬ ಪದ ಫಾರ್ವರ್ಡ್‌ನಲ್ಲಿ ಬಿದ್ದುಹೋಗುತ್ತದೆ. ಸಂಬಳ, ಓಡಾಟದ ದೂರ, ಮನೆಯ ಪರಿಸ್ಥಿತಿಗೆ ಬಿಡುವವರೂ ಅನೇಕರು.

ಬಿಡುವುದು ಸೋಲಲ್ಲ. ಆದರೆ ಸಿಟ್ಟಿನ ಸೋಮವಾರ ಬಿಡುವುದು ಬೇರೆ, ತಯಾರಿ ಮಾಡಿಕೊಂಡು ಬಿಡುವುದು ಬೇರೆ. ಕೆಲವು ತಿಂಗಳ ಖರ್ಚಿನ ಹಣ, ನೋಟಿಸ್ ಅವಧಿಯ ಲೆಕ್ಕ, ಅನುಭವ ಪತ್ರ, ಪಿಎಫ್ ವರ್ಗಾವಣೆ ಇವಿಷ್ಟು ನೋಡಿಕೊಳ್ಳಿ. ದೂರದ ಬೆಟ್ಟ ನುಣ್ಣಗೆ. ಆದ್ದರಿಂದ ಹೊಸ ಜಾಗದ ಇಂಟರ್‌ವ್ಯೂನಲ್ಲಿ ‘ಈ ಹುದ್ದೆಯಲ್ಲಿ ಮೊದಲಿದ್ದವರು ಯಾಕೆ ಬಿಟ್ಟರು?’ ಎಂದು ನೀವೂ ಕೇಳಿ. ಒಂದೊಂದು ಅರ್ಜಿ ಹಾಕುವುದರಿಂದಲೂ ಹಳೇ ಬಾಸ್‌ನ ಹೆದರಿಕೆ ಸ್ವಲ್ಪ ಕರಗುತ್ತದೆ, ಬಾಗಿಲು ಇದೆ ಎಂದು ಗೊತ್ತಾದ ಕೋಣೆಯಲ್ಲಿ ಉಸಿರು ಕಟ್ಟುವುದಿಲ್ಲ.

ಕಾಯಬಾರದ ಹೊತ್ತು

ಕೆಲಸದ ದೀರ್ಘ ಒತ್ತಡದಿಂದ ಬರುವ ದಣಿವು, ಕೆಲಸದ ಬಗ್ಗೆ ಜಿಗುಪ್ಸೆ, ಕೈಲಾಗದೆನಿಸುವ ಭಾವನೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ‘ಬರ್ನ್‌ಔಟ್’ ಎಂದು ವಿವರಿಸಿತು. ಅದು ಕಾಯಿಲೆಯಲ್ಲ, ಉದ್ಯೋಗದ ಜೊತೆ ಬರುವ ಸ್ಥಿತಿ ಎಂದೂ ಹೇಳಿತು. ಆದರೆ ರಜೆಯಲ್ಲೂ ನಿದ್ದೆ ಬಾರದಿದ್ದರೆ, ಮಕ್ಕಳ ಜೊತೆಗೂ ಖುಷಿ ಇಲ್ಲವಾದರೆ, ಎರಡು ವಾರ ಕಳೆದರೂ ಮಂಕು ಕವಿದೇ ಇದ್ದರೆ, ಬದುಕೇ ಬೇಡ ಅನ್ನಿಸಿದರೆ ಇದು ಬರೀ ಆಫೀಸಿನ ವಿಷಯವಲ್ಲ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವಾಗ ಬೇಕಾದರೂ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡಬಹುದು, ಉಚಿತ. 2022ರಲ್ಲಿ ಶುರುವಾದ ಈ ಸೇವೆಯ ಮುಖ್ಯ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್.

ಮುಂದಿನ ಭಾನುವಾರ ‘ನಗುತ್ತಾ ಸಹಿಸಿಕೊಳ್ಳಿ’ ಎಂಬ ಮೆಸೇಜ್ ಬಂದರೆ, ಅದನ್ನು ಫಾರ್ವರ್ಡ್ ಮಾಡುವ ಮೊದಲು ಒಂದು ಕ್ಷಣ ಯೋಚಿಸಿ. ಆ ಗ್ರೂಪಿನಲ್ಲಿ ಈಗಾಗಲೇ ಸಹಿಸಿ ಸಹಿಸಿ ಸೋತಿರುವವರು ಒಬ್ಬರಾದರೂ ಇರಬಹುದು. ಅವರಿಗೆ ಬೇಕಿರುವುದು ಸೂರ್ಯೋದಯದ ಚಿತ್ರವಲ್ಲ. ಆ ಎರಡು ಸಾಲಿನ ಮೇಲ್ ಬರೆಯುವುದು ಹೇಗೆಂದು ಹೇಳಿ. 14416 ನಂಬರ್ ಕಳಿಸಿ. ಇಲ್ಲವೇ ‘ಏನಾಯ್ತು, ಹೇಳು’ ಎಂದು ಒಂದು ಫೋನ್ ಮಾಡಿ.